ರದ್ದು ಎಂದರೆ ರದ್ದೇ ಆಗಬೇಕು

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಸಣ್ಣ ತಂಡಗಳ ಗೆಳೆಯರಿಗೆ,

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ನಾಲ್ಕೈದು ಜನ ಸೇರಿಕೊಂಡು ಅಂಗಡಿಯ ಬಿಲ್ಲಿಂಗ್, ಸಹಕಾರ ಸಂಘದ ಲೆಕ್ಕ, ನರ್ಸಿಂಗ್ ಹೋಮಿನ ರಿಜಿಸ್ಟರ್, ಗೋದಾಮಿನ ಸ್ಟಾಕ್ ಇಂಥವಕ್ಕೆ ತಂತ್ರಾಂಶ ಬರೆದುಕೊಡುತ್ತಿರುವ ನಿಮಗೆ ಈ ಪತ್ರ. ನಿಮ್ಮಲ್ಲಿ ಕೆಲವರು ಸಿ ಶಾರ್ಪ್ ಮತ್ತು ವಿಂಡೋಸ್ ಫಾರ್ಮ್ಸ್ ಹಿಡಿದಿದ್ದೀರಿ, ಕೆಲವರು ಕ್ಯೂಟಿ. ಹಳೆಯ ಗ್ರಾಹಕರನ್ನು ಉಳಿಸಿಕೊಂಡವರ ಬಳಿ ಎಂಎಫ್‌ಸಿ ಕೋಡ್ ಇನ್ನೂ ಓಡುತ್ತಿದೆ. ಸಾಧನ ಯಾವುದೇ ಇರಲಿ, ನಾನು ಹೇಳಹೊರಟಿರುವುದು ಎಲ್ಲರಿಗೂ ಅನ್ವಯಿಸುತ್ತದೆ.

ಇಂಥ ಪ್ರತಿಯೊಂದು ತಂತ್ರಾಂಶಕ್ಕೂ ಒಂದು ಹಂತ ಬರುತ್ತದೆ. ಸದಸ್ಯರ ವಿವರ, ಸರಕಿನ ವಿವರ, ತೆರಿಗೆ ದರ, ಪಾಸ್‌ವರ್ಡ್ ಬದಲಾವಣೆ ಎಂದು ಡೈಲಾಗ್‌ಗಳು ಮೂವತ್ತು ನಲವತ್ತಕ್ಕೆ ಏರಿರುತ್ತವೆ. ಎಲ್ಲದರಲ್ಲೂ ಅದೇ ಓಕೆ, ಅದೇ ಕ್ಯಾನ್ಸಲ್, ಅದೇ ಬಗೆಯ ತಪಾಸಣೆ. ಆಗ ತಂಡದಲ್ಲಿ ಯಾರಾದರೂ ಹೇಳುತ್ತಾರೆ: ‘ಎಲ್ಲದಕ್ಕೂ ಸೇರಿಸಿ ಒಂದು ಬೇಸ್ ಕ್ಲಾಸ್ ಮಾಡಿಬಿಡೋಣ.’ ಮಾತು ಸರಿಯಾದದ್ದೇ. ಆದರೆ ಆ ಕ್ಲಾಸಿನೊಳಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ಕೂತು ಚರ್ಚಿಸುವ ತಂಡಗಳು ಕಡಿಮೆ. ಎರಡು ಕಡೆ ಒಂದೇ ಥರ ಕಂಡ ಸಾಲುಗಳನ್ನೆಲ್ಲ ಎತ್ತಿ ಮೇಲೆ ಹಾಕಿದರೆ ವಿನ್ಯಾಸ ಮುಗಿಯಿತು ಎಂದುಕೊಳ್ಳುತ್ತೇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡೈಲಾಗಿನ ಬೇಸ್ ಕ್ಲಾಸ್ ಇರಬೇಕಾದದ್ದು ತಂತ್ರಾಂಶದ ಮುಂದೆ ಕೂರುವವರಿಗೆ ನಾವು ಕೊಟ್ಟ ಮಾತನ್ನು ಒಂದೇ ಜಾಗದಲ್ಲಿ ಉಳಿಸಿಕೊಳ್ಳಲಿಕ್ಕೆ. ಟೈಪಿಂಗ್ ಉಳಿಯುವುದು ಅದರ ಜೊತೆಗೆ ಸಿಗುವ ಲಾಭ ಅಷ್ಟೇ. ಆ ಮಾತಿಗೆ ಸೇರಿದ್ದೆಲ್ಲ ಬೇಸ್ ಕ್ಲಾಸಿನಲ್ಲಿರಲಿ. ಸೇರದ್ದು ಎಷ್ಟೇ ಅನುಕೂಲ ಎನಿಸಿದರೂ ಹೊರಗಿರಲಿ.

ಯಾವ ಮಾತು ಅದು? ಸಹಕಾರ ಸಂಘದ ಒಂದು ಕೌಂಟರ್ ಕಲ್ಪಿಸಿಕೊಳ್ಳಿ. ಎದುರಿಗೆ ಜನ ಸಾಲು ನಿಂತಿದ್ದಾರೆ. ಕೌಂಟರಿನಲ್ಲಿರುವ ಹೆಣ್ಣುಮಗಳು ಒಬ್ಬ ಸದಸ್ಯರ ವಿವರ ತೆರೆದು ಫೋನ್ ನಂಬರ್ ತಿದ್ದಿ, ಮುಂದಿನ ಖಾನೆಗೆ ಹೋಗಿದ್ದಾರೆ. ಅಷ್ಟರಲ್ಲಿ ಎದುರಿಗಿದ್ದವರು, ‘ಮೇಡಂ, ಅದು ನಂದಲ್ಲ, ನಮ್ಮಣ್ಣನ ಖಾತೆ’ ಎನ್ನುತ್ತಾರೆ. ಆಕೆ ಎಸ್ಕೇಪ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಸರಕಿನ ಡೈಲಾಗಿನಲ್ಲಿ ಎಸ್ಕೇಪ್ ಕೆಲಸ ಮಾಡುತ್ತಿತ್ತು, ಇಲ್ಲಿ ಮಾಡುತ್ತಿಲ್ಲ. ಎರಡನ್ನೂ ಬರೆದವರು ಬೇರೆ ಬೇರೆ. ಮೂಲೆಯ ಇಂಟು ಗುರುತು ಒತ್ತಿದಾಗ ಡೈಲಾಗ್ ಮುಚ್ಚುತ್ತದೆ. ಆದರೆ ಆ ಫೋನ್ ಖಾನೆಯನ್ನು ನೇರವಾಗಿ ಸದಸ್ಯರ ಆಬ್ಜೆಕ್ಟಿಗೇ ಬೈಂಡ್ ಮಾಡಲಾಗಿತ್ತು. ಖಾನೆ ಬಿಟ್ಟ ಕ್ಷಣವೇ ಹೊಸ ನಂಬರ್ ಆಬ್ಜೆಕ್ಟಿಗೆ ಇಳಿದಾಗಿತ್ತು. ಮಧ್ಯಾಹ್ನ ಬೇರೆ ಯಾವುದೋ ಕಾರಣಕ್ಕೆ ಆ ಪಟ್ಟಿಯನ್ನು ಸೇವ್ ಮಾಡಿದಾಗ ತಮ್ಮನ ನಂಬರ್ ಅಣ್ಣನ ಖಾತೆಗೆ ಹೋಗಿ ಕೂರುತ್ತದೆ. ತಪ್ಪು ಯಾರದೆಂದು ಸಂಘದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೈಗುಳ ಮಾತ್ರ ಆ ಹೆಣ್ಣುಮಗಳಿಗೆ.

ಕ್ಯಾನ್ಸಲ್ ಎಂಬ ಬಟನ್ ಇಟ್ಟ ಕೂಡಲೇ ನಾವು ಆಕೆಗೆ ಒಂದು ಮಾತು ಕೊಟ್ಟಂತೆ: ‘ಇದನ್ನು ಒತ್ತಿದರೆ ಏನೂ ನಡೆಯಲೇ ಇಲ್ಲ ಅಂದುಕೊಳ್ಳಿ.’ ಓಕೆ ಬಟನ್ನಿನದು ಇನ್ನೊಂದು ಮಾತು: ‘ಎಲ್ಲ ಸರಿಯಿದ್ದರೆ ಉಳಿಸುತ್ತೇನೆ, ಸರಿಯಿಲ್ಲದಿದ್ದರೆ ಎಲ್ಲಿ ಎಂದು ತೋರಿಸುತ್ತೇನೆ, ನೀವು ಹಾಕಿದ್ದನ್ನು ಕಳೆಯುವುದಿಲ್ಲ.’ ಮೂರನೆಯದು: ‘ಒಂದು ಡೈಲಾಗಿನಲ್ಲಿ ಕಲಿತ ಕೈಚಳಕ ನಲವತ್ತರಲ್ಲೂ ನಡೆಯುತ್ತದೆ.’ ಬೇಸ್ ಕ್ಲಾಸ್ ಈ ಮೂರನ್ನು ನೋಡಿಕೊಂಡರೆ ಅದರ ಕೆಲಸ ಮುಗಿಯಿತು.

ಮೊದಲನೆಯ ಮಾತಿಗೆ ಬರೋಣ. ಡೈಲಾಗಿನಿಂದ ಹೊರಬರುವ ದಾರಿಗಳು ಎಷ್ಟೇ ಇದ್ದರೂ ಎಲ್ಲವೂ ಒಂದೇ ಕಡೆ ಸೇರಬೇಕು. ಕ್ಯೂಟಿಯ ಕ್ಯೂಡೈಲಾಗ್ ಇದನ್ನು ಚೆನ್ನಾಗಿ ಮಾಡಿದೆ. ಎಸ್ಕೇಪ್ ಒತ್ತಿದರೂ ಇಂಟು ಗುರುತು ಒತ್ತಿದರೂ ಕರೆ ಹೋಗುವುದು ‘ರಿಜೆಕ್ಟ್’ ಮೆಥಡ್‌ಗೆ. ‘ಅಕ್ಸೆಪ್ಟ್’, ‘ರಿಜೆಕ್ಟ್’ ಎರಡೂ ಕೊನೆಗೆ ‘ಡನ್’ ಎಂಬುದರಲ್ಲಿ ಬಂದು ಸೇರುತ್ತವೆ. 1992ರಲ್ಲಿ ಬಂದ ಎಂಎಫ್‌ಸಿಯಲ್ಲೂ ಎಸ್ಕೇಪ್, ಕ್ಯಾನ್ಸಲ್, ಇಂಟು ಮೂರೂ ತಾವಾಗಿಯೇ ‘ಆನ್‌ಕ್ಯಾನ್ಸಲ್’ಗೆ ಹೋಗುತ್ತವೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಮಾತ್ರ ಇದನ್ನು ನಾವೇ ಜೋಡಿಸಿಕೊಳ್ಳಬೇಕು. ಫಾರ್ಮಿನ ‘ಕ್ಯಾನ್ಸಲ್‌ಬಟನ್’ ಪ್ರಾಪರ್ಟಿ ತುಂಬದಿದ್ದರೆ ಎಸ್ಕೇಪ್ ಸುಮ್ಮನಿರುತ್ತದೆ. ಕ್ಯಾನ್ಸಲ್ ಬಟನ್ನಿನ ಕ್ಲಿಕ್‌ನಲ್ಲಿ ಬರೆದ ಕೋಡ್ ಇಂಟು ಒತ್ತಿದಾಗ ಓಡುವುದೇ ಇಲ್ಲ. ಎಲ್ಲ ದಾರಿಗಳೂ ಕೂಡುವ ಜಾಗ ‘ಫಾರ್ಮ್‌ಕ್ಲೋಸಿಂಗ್’. ‘ಬದಲಾವಣೆ ಉಳಿಸಿಲ್ಲ, ಬಿಟ್ಟುಬಿಡಲೇ?’ ಎಂಬ ಪ್ರಶ್ನೆ ಕೇಳಬೇಕಿದ್ದರೆ ಅಲ್ಲಿಂದಲೇ ಕೇಳಬೇಕು, ಬೇಸ್ ಕ್ಲಾಸೇ ಕೇಳಬೇಕು. ಡೆರೈವ್ಡ್ ಕ್ಲಾಸ್ ಹೇಳಬೇಕಿರುವುದು ಒಂದೇ: ಏನಾದರೂ ಬದಲಾಗಿದೆಯೋ ಇಲ್ಲವೋ.

ಇದರ ಜೊತೆಗೇ ಇನ್ನೊಂದು ನಿಯಮ: ಡೈಲಾಗಿನ ಕೈಗೆ ಮೂಲ ಆಬ್ಜೆಕ್ಟ್ ಕೊಡಬೇಡಿ, ಅದರ ಪ್ರತಿ ಕೊಡಿ. ತಿದ್ದುವುದೆಲ್ಲ ಪ್ರತಿಯಲ್ಲಿ. ಓಕೆ ಆದರೆ ಪ್ರತಿಯಲ್ಲಿರುವುದು ಮೂಲಕ್ಕೆ ಹೋಗುತ್ತದೆ, ಕ್ಯಾನ್ಸಲ್ ಆದರೆ ಪ್ರತಿ ಕಸಕ್ಕೆ. ಹಳೆಯ ವಿವರಗಳನ್ನೆಲ್ಲ ನೆನಪಿಟ್ಟುಕೊಂಡು, ಕ್ಯಾನ್ಸಲ್ ಆದಾಗ ಒಂದೊಂದಾಗಿ ಮರಳಿ ತುಂಬುವ ಕೋಡನ್ನು ಬಹಳ ಕಡೆ ನೋಡಿದ್ದೇನೆ. ಹೊಸ ಖಾನೆ ಸೇರಿಸಿದವರು ಅದನ್ನು ಆ ಪಟ್ಟಿಗೆ ಸೇರಿಸಲು ಮರೆತ ದಿನವೇ ಆ ಉಪಾಯ ಕೆಡುತ್ತದೆ. ಪ್ರತಿಯ ಮೇಲೆ ಕೆಲಸ ಮಾಡಿದರೆ ಮರೆಯಲು ಪಟ್ಟಿಯೇ ಇರುವುದಿಲ್ಲ.

ಎರಡನೆಯ ಮಾತು ಓಕೆಯದು, ಕಷ್ಟದ ಭಾಗವೂ ಇದೇ. ಓಕೆ ಒತ್ತಿದಾಗ ನಡೆಯಬೇಕಾದ ಕ್ರಮವನ್ನು ಬೇಸ್ ಕ್ಲಾಸಿನಲ್ಲಿ ಒಂದು ಸಲ ಬರೆಯಿರಿ: ಪರಿಶೀಲಿಸು, ಉಳಿಸು, ಮುಚ್ಚು. ಈ ಕ್ರಮವನ್ನು ಓವರ್‌ರೈಡ್ ಮಾಡಲು ಯಾರಿಗೂ ಬಿಡಬೇಡಿ. ಓವರ್‌ರೈಡ್ ಮಾಡಲು ಕೊಡುವುದು ಒಳಗಿನ ಹೆಜ್ಜೆಗಳನ್ನು ಮಾತ್ರ. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡಿಸ್ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ 1994ರಲ್ಲಿ ಇದಕ್ಕೆ ಟೆಂಪ್ಲೇಟ್ ಮೆಥಡ್ ಎಂದು ಹೆಸರಿಟ್ಟಿತು. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಕ್ರಮ ಒಂದೇ ಕಡೆ ಇರಬೇಕೆಂಬುದು ನೆನಪಿರಲಿ.

ಪರಿಶೀಲನೆಯಲ್ಲಿ ವಿಂಡೋಸ್ ಫಾರ್ಮ್ಸ್‌ನವರು ಎಚ್ಚರ ವಹಿಸಬೇಕಾದ ಒಂದು ಬಲೆ ಇದೆ. ಖಾನೆಯ ‘ವ್ಯಾಲಿಡೇಟಿಂಗ್’ ಇವೆಂಟಿನಲ್ಲಿ ತಪ್ಪು ಸಿಕ್ಕರೆ ಕರ್ಸರ್ ಅಲ್ಲೇ ಹಿಡಿದಿಡುವಂತೆ ಬರೆಯುತ್ತೇವೆ. ಆಗ ಕ್ಯಾನ್ಸಲ್ ಬಟನ್ ಒತ್ತಲೂ ಆಗುವುದಿಲ್ಲ, ಏಕೆಂದರೆ ಆ ಬಟನ್ನಿನ ‘ಕಾಸಸ್‌ವ್ಯಾಲಿಡೇಶನ್’ ಮೊದಲಿನಿಂದಲೂ ಆನ್ ಇರುತ್ತದೆ. ತಪ್ಪಾಗಿ ತೆರೆದ ಡೈಲಾಗಿನಿಂದ ಹೊರಹೋಗಬೇಕಾದರೂ ಖಾನೆಯನ್ನು ಸರಿಯಾಗಿ ತುಂಬಲೇಬೇಕು! ಬೇಸ್ ಕ್ಲಾಸಿನಲ್ಲೇ ಕ್ಯಾನ್ಸಲ್ ಬಟನ್ನಿಗೆ ಅದನ್ನು ಆಫ್ ಮಾಡಿ. 2005ರ ಡಾಟ್ ನೆಟ್ 2.0ರಿಂದ ಫಾರ್ಮಿಗೇ ‘ಆಟೋವ್ಯಾಲಿಡೇಟ್’ ಎಂಬ ಪ್ರಾಪರ್ಟಿ ಇದೆ. ತಪ್ಪಿದ್ದರೂ ಖಾನೆಯಿಂದ ಖಾನೆಗೆ ಹೋಗಲು ಬಿಡುವಂತೆ ಅದನ್ನು ಇಟ್ಟು, ಓಕೆ ಒತ್ತಿದಾಗ ಎಲ್ಲವನ್ನೂ ಒಟ್ಟಿಗೆ ಪರಿಶೀಲಿಸಿ. ತಪ್ಪುಗಳನ್ನು ಒಂದೊಂದೇ ಮೆಸೇಜ್ ಬಾಕ್ಸಿನಲ್ಲಿ ಹೊರಡಿಸಬೇಡಿ. ಎಲ್ಲ ಖಾನೆಗಳ ಪಕ್ಕದಲ್ಲೂ ಗುರುತು ತೋರಿಸಿ, ಕರ್ಸರ್ ಮೊದಲ ತಪ್ಪಿನ ಮೇಲೆ ನಿಲ್ಲಲಿ. ತಪ್ಪನ್ನು ತೋರಿಸುವ ಬಗೆ ಬೇಸ್ ಕ್ಲಾಸಿನದು. ಯಾವುದು ತಪ್ಪು ಎನ್ನುವುದು ಡೆರೈವ್ಡ್ ಕ್ಲಾಸಿನದು.

ಇನ್ನು ಉಳಿಸುವುದು. ಕೆಲವರು ಡೈಲಾಗಿನೊಳಗೇ ಡೇಟಾಬೇಸಿಗೆ ಬರೆಯುತ್ತಾರೆ. ಹಾಗಾದರೆ ಆ ಡೈಲಾಗನ್ನು ಇನ್ನೊಂದು ಕಡೆ ಬಳಸಲಾಗುವುದಿಲ್ಲ. ಕೆಲವರು ಡೈಲಾಗ್ ಮುಚ್ಚಿದ ಮೇಲೆ, ಅದನ್ನು ಕರೆದ ಕಡೆ ಬರೆಯುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಅದೇ ಹೊತ್ತಿಗೆ ಸರ್ವರ್ ಸಂಪರ್ಕ ತಪ್ಪಿದರೆ? ಡೈಲಾಗ್ ಹೋಗಿಯಾಗಿದೆ, ಹತ್ತು ನಿಮಿಷ ಕೂತು ತುಂಬಿದ ವಿವರವೂ ಅದರ ಜೊತೆ ಹೋಗಿದೆ. ಇದಕ್ಕೆ ಮಧ್ಯದ ದಾರಿ ಇದೆ. ಉಳಿಸುವ ಕೆಲಸವನ್ನು ಒಂದು ಫಂಕ್ಷನ್ ಆಗಿ ಹೊರಗಿನಿಂದ ಡೈಲಾಗಿಗೆ ಕೊಡಿ. ಬೇಸ್ ಕ್ಲಾಸ್ ಅದನ್ನು ಕರೆಯಲಿ. ಆಯಿತು ಎಂದರೆ ಮಾತ್ರ ಮುಚ್ಚಲಿ. ಆಗಲಿಲ್ಲ ಎಂದರೆ ಕಾರಣ ತೋರಿಸಿ, ತುಂಬಿದ್ದೆಲ್ಲವನ್ನೂ ಹಾಗೇ ಇಟ್ಟುಕೊಂಡು ತೆರೆದೇ ಇರಲಿ. ಡೇಟಾಬೇಸ್ ಯಾವುದೆಂದು ಡೈಲಾಗಿಗೆ ಗೊತ್ತಿರಬೇಕಿಲ್ಲ, ಆದರೂ ಬಳಸುವವರ ಶ್ರಮ ಕಳೆಯುವುದಿಲ್ಲ. ಉಳಿಸುವ ಹೊತ್ತಿನಲ್ಲಿ ಓಕೆ ಬಟನ್ ನಿಷ್ಕ್ರಿಯವಾಗಿರಲಿ. ನೆಟ್‌ವರ್ಕ್ ನಿಧಾನವಿದ್ದಾಗ ಜನ ಎರಡು ಸಲ ಒತ್ತುತ್ತಾರೆ. ಒಂದು ಪಾವತಿಗೆ ಎರಡು ರಸೀದಿ ಹುಟ್ಟುವುದು ಹೀಗೆ. ಬೇಸ್ ಕ್ಲಾಸಿನಲ್ಲಿ ಒಂದು ಸಲ ಸರಿಮಾಡಿದರೆ ನಲವತ್ತು ಡೈಲಾಗ್‌ಗಳೂ ಸರಿಯಾಗುತ್ತವೆ.

ಮೂರನೆಯದು ಕೈಚಳಕದ ಮಾತು. ಓಕೆ ಎಡಕ್ಕೋ ಬಲಕ್ಕೋ, ಎಂಟರ್ ಒತ್ತಿದರೆ ಏನಾಗಬೇಕು, ಮೊದಲು ಕರ್ಸರ್ ಎಲ್ಲಿರಬೇಕು ಎನ್ನುವುದನ್ನು ತಂಡ ಒಮ್ಮೆ ತೀರ್ಮಾನಿಸಿ ಬೇಸ್ ಕ್ಲಾಸಿನಲ್ಲಿ ಬರೆಯಬೇಕು. ನಮ್ಮ ಊರುಗಳಲ್ಲಿ ಲೆಕ್ಕ ಬರೆಯುವ ಬಹಳ ಜನರ ಕೈ ಪಳಗಿರುವುದು ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ. ಅಲ್ಲಿ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುತ್ತದೆ. ವಿಂಡೋಸಿನ ರೂಢಿಯಲ್ಲಿ ಎಂಟರ್ ಎಂದರೆ ಓಕೆ. ಎರಡಕ್ಕೂ ಕಾರಣಗಳಿವೆ, ನಿಮ್ಮ ಬಳಕೆದಾರರನ್ನು ನೋಡಿ ಒಂದನ್ನು ಆರಿಸಿಕೊಳ್ಳಿ. ಆದರೆ ಒಂದೇ ತಂತ್ರಾಂಶದಲ್ಲಿ ಎರಡೂ ಇರಬಾರದು. ಅರ್ಧ ತುಂಬಿದ ವೋಚರ್ ಎಂಟರ್ ಒತ್ತಿದ್ದಕ್ಕೆ ಉಳಿದುಹೋದರೆ ತಿದ್ದುವ ಕೆಲಸ ಯಾರ ಪಾಲಿಗೆ ಎಂದು ಯೋಚಿಸಿ.

ಮಾತುಗಳು ಇಷ್ಟೇ. ಹಾಗಾದರೆ ಒಳಗೆ ಹೋಗಬಾರದ್ದು ಏನು? ಡೇಟಾಬೇಸ್ ಸಂಪರ್ಕ, ಪ್ರಿಂಟ್ ಮಾಡುವುದು, ಎಕ್ಸೆಲ್‌ಗೆ ಕಳಿಸುವುದು, ಎಸ್‌ಎಂಎಸ್, ದಿನಾಂಕ ಬರೆಯುವ ಶೈಲಿ, ಜಿಎಸ್‌ಟಿ ಲೆಕ್ಕ. ‘ಎಲ್ಲರಿಗೂ ಬೇಕಾಗಬಹುದು’ ಎಂದು ಹಾಕುತ್ತಾ ಹೋದರೆ ಬೇಸ್ ಕ್ಲಾಸ್ ಮನೆಯ ಅಟ್ಟದಂತಾಗುತ್ತದೆ. ಬೇಕಾದ್ದು ಸಿಗುವುದಿಲ್ಲ, ಬೇಡದ್ದನ್ನು ಎಸೆಯಲು ಧೈರ್ಯ ಬರುವುದಿಲ್ಲ. ಇವೆಲ್ಲ ಪ್ರತ್ಯೇಕ ಕ್ಲಾಸುಗಳಾಗಿರಲಿ. ಬೇಕಾದ ಡೈಲಾಗ್ ಬೇಕಾದ್ದನ್ನು ಇಟ್ಟುಕೊಂಡು ಬಳಸಲಿ. ಆನುವಂಶಿಕತೆಗಿಂತ ಜೋಡಣೆ ಲೇಸು ಎಂಬ ಅಭಿಪ್ರಾಯ ಆ ನಾಲ್ವರ ಪುಸ್ತಕದಲ್ಲೇ ಇದೆ. ಅದೇ ಪುಸ್ತಕದ ಮೀಡಿಯೇಟರ್ ಅಧ್ಯಾಯದಲ್ಲಿ ‘ಡೈಲಾಗ್‌ಡೈರೆಕ್ಟರ್’ ಎಂಬ ಬೇಸ್ ಕ್ಲಾಸ್ ಬರುತ್ತದೆ, ಅಕ್ಷರಶೈಲಿ ಆರಿಸುವ ಡೈಲಾಗಿನ ಉದಾಹರಣೆಗೆಂದು. ಅದರಲ್ಲಿರುವುದು ಮೂರೇ ಕೆಲಸ: ಡೈಲಾಗ್ ತೋರಿಸುವುದು, ಒಳಗಿನ ಖಾನೆ ಬಟನ್‌ಗಳನ್ನು ಹುಟ್ಟಿಸುವುದು, ಯಾವುದಾದರೂ ಬದಲಾದಾಗ ತಿಳಿದುಕೊಳ್ಳುವುದು. ಕೊನೆಯ ಎರಡನ್ನು ಡೆರೈವ್ಡ್ ಕ್ಲಾಸ್ ತುಂಬಿಕೊಡಬೇಕು. ಪುಸ್ತಕದ ಉದಾಹರಣೆ ಎಂದ ಮೇಲೆ ಚಿಕ್ಕದಾಗಿರುವುದು ಸಹಜ, ಒಪ್ಪಿದೆ. ಆದರೂ ನಿಮ್ಮ ಬೇಸ್ ಕ್ಲಾಸಿನ ಮೆಥಡ್‌ಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಒಮ್ಮೆ ನೋಡಿ.

ಬೇಸ್ ಕ್ಲಾಸ್ ಹಾದಿ ತಪ್ಪುತ್ತಿದೆ ಎನ್ನುವುದಕ್ಕೆ ಎರಡು ಲಕ್ಷಣಗಳಿವೆ. ಒಂದು, ಹೌದು–ಇಲ್ಲ ಸ್ವಿಚ್ಚುಗಳು: ‘ಕ್ಯಾನ್ಸಲ್ ತೋರಿಸಬೇಡ’, ‘ಅಪ್ಲೈ ತೋರಿಸು’, ‘ಪರಿಶೀಲನೆ ಬಿಡು’. ಒಂದೊಂದು ಸ್ವಿಚ್ಚೂ ಯಾವುದೋ ಒಂದು ಡೈಲಾಗ್ ಆ ಕುಟುಂಬಕ್ಕೆ ಸೇರಿಲ್ಲ ಎಂದು ಹೇಳುತ್ತಿರುತ್ತದೆ. ಅದನ್ನು ಹೊರಗೆ ಬಿಡಿ. ಎಲ್ಲ ಡೈಲಾಗ್‌ಗಳೂ ಒಂದೇ ಬೇಸ್ ಕ್ಲಾಸಿನಿಂದ ಬರಬೇಕೆಂಬ ಕಾನೂನಿಲ್ಲ. ಎರಡು, ಮಹಡಿಗಳು: ಬೇಸ್ ಡೈಲಾಗ್, ಅದರ ಮೇಲೆ ಬೇಸ್ ಎಂಟ್ರಿ ಡೈಲಾಗ್, ಅದರ ಮೇಲೆ ಬೇಸ್ ಮಾಸ್ಟರ್ ಎಂಟ್ರಿ ಡೈಲಾಗ್. ಎರಡನೆಯ ಮಹಡಿ ಕಟ್ಟುವ ಮೊದಲು ಎರಡು ಸಲ ಯೋಚಿಸಿ, ಮೂರನೆಯದನ್ನು ಕಟ್ಟಲೇಬೇಡಿ. ಮೊದಲ ಡೈಲಾಗ್ ಬರೆಯುವಾಗಲೇ ಬೇಸ್ ಕ್ಲಾಸ್ ಬರೆಯಲೂಬೇಡಿ. ಮರುಬಳಕೆಯ ಚೌಕಟ್ಟು ಕಟ್ಟುವ ಮುನ್ನ ನಿಜವಾದ ಮೂರು ಉದಾಹರಣೆಗಳನ್ನಾದರೂ ಬರೆದು ನೋಡಬೇಕು ಎಂದು ಡಾನ್ ರಾಬರ್ಟ್ಸ್ ಮತ್ತು ರಾಲ್ಫ್ ಜಾನ್ಸನ್ ಹೇಳಿದ್ದು ಇವತ್ತಿಗೂ ಒಳ್ಳೆಯ ಸಲಹೆ. ಮೂರು ಡೈಲಾಗ್ ಕೈಯಾರೆ ಬರೆದಾಗ ಯಾವುದು ನಿಜವಾಗಿ ಸಮಾನ, ಯಾವುದು ಕಾಕತಾಳೀಯ ಎಂದು ಕಣ್ಣಿಗೆ ಕಾಣುತ್ತದೆ.

ಬರೆಯಲು ಕೂತಾಗ ಕೈ ಸುಡುವ ಒಂದೆರಡು ಜಾಗಗಳನ್ನೂ ಹೇಳಬೇಕು. ಬೇಸ್ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ ವರ್ಚುವಲ್ ಮೆಥಡ್ ಕರೆಯಬೇಡಿ. ಸಿ ಶಾರ್ಪ್‌ನಲ್ಲಿ ಡೆರೈವ್ಡ್ ಕ್ಲಾಸಿನ ಮೆಥಡ್ ಅದರ ಕನ್‌ಸ್ಟ್ರಕ್ಟರಿನ ಒಡಲು ಓಡುವ ಮೊದಲೇ ಓಡುತ್ತದೆ. ಮುಟ್ಟಲು ಹೋದ ಖಾನೆಗಳು ಇನ್ನೂ ಹುಟ್ಟಿರುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಡೆರೈವ್ಡ್ ಕ್ಲಾಸಿನದು ಓಡುವುದೇ ಇಲ್ಲ, ಬೇಸ್ ಕ್ಲಾಸಿನದೇ ಓಡುತ್ತದೆ. ತುಂಬುವ ಕೆಲಸ ‘ಆನ್‌ಲೋಡ್’ನಲ್ಲಿ, ಎಂಎಫ್‌ಸಿಯವರಾದರೆ ‘ಆನ್‌ಇನಿಟ್‌ಡೈಲಾಗ್’ನಲ್ಲಿ ನಡೆಯಲಿ. ವಿಷುವಲ್ ಸ್ಟುಡಿಯೋದ ಡಿಸೈನರ್‌ನಲ್ಲಿ ಡೆರೈವ್ಡ್ ಫಾರ್ಮ್ ತೆರೆದರೆ ಅದು ಬೇಸ್ ಕ್ಲಾಸನ್ನು ನಿಜವಾಗಿಯೂ ಸೃಷ್ಟಿಸುತ್ತದೆ. ಹಾಗಾಗಿ ಬೇಸ್ ಕ್ಲಾಸ್ ಅಬ್‌ಸ್ಟ್ರಾಕ್ಟ್ ಆಗಿದ್ದರೆ ಡಿಸೈನರ್ ದೂರು ಹೇಳುತ್ತದೆ. ಕನ್‌ಸ್ಟ್ರಕ್ಟರ್ ಡೇಟಾಬೇಸ್ ಹುಡುಕಿಕೊಂಡು ಹೋದರೆ ಫಾರ್ಮ್ ತೆರೆಯುವುದೇ ಇಲ್ಲ. ‘ಶೋಡೈಲಾಗ್’ನಿಂದ ತೆರೆದ ಫಾರ್ಮ್ ಮುಚ್ಚಿದಾಗ ಮರೆಯಾಗುತ್ತದೆಯೇ ಹೊರತು ತಾನಾಗಿ ಡಿಸ್ಪೋಸ್ ಆಗುವುದಿಲ್ಲ. ‘ಯೂಸಿಂಗ್’ ಒಳಗೆ ಇಟ್ಟು ಕರೆಯುವುದನ್ನು ತಂಡದ ರೂಢಿ ಮಾಡಿಕೊಳ್ಳಿ.

ಕನ್ನಡದಲ್ಲಿ ಕಾಣಿಸುವ ತಂತ್ರಾಂಶವಾದರೆ ಇನ್ನೊಂದು ಹೊಣೆ ಸೇರುತ್ತದೆ. ಹಳೆಯ ಫಾರ್ಮುಗಳಲ್ಲಿ ಲೇಬಲ್‌ನ ಎತ್ತರ ಬಹಳ ಕಡಿಮೆ ಇರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಷಕಾರದ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ. ಅಳತೆಗಳನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದ ಡೈಲಾಗ್‌ಗಳನ್ನು ಒಂದೊಂದಾಗಿ ತಿದ್ದುವುದು ದಂಡದ ಕೆಲಸ. ಫಾಂಟ್ ಯಾವುದು ಎಂಬುದನ್ನು ಬೇಸ್ ಕ್ಲಾಸಿನಲ್ಲಿ ಹೇಳಿ. ವಿಂಡೋಸ್ 8ರಿಂದ ಈಚೆಗೆ ಕನ್ನಡಕ್ಕೆ ನಿರ್ಮಲಾ ಯುಐ ಜೊತೆಗೇ ಬರುತ್ತದೆ. ಖಾನೆಗಳನ್ನು ಒಳಗಿನ ಬರಹಕ್ಕೆ ತಕ್ಕಂತೆ ಹಿಗ್ಗುವ ಟೇಬಲ್ ಲೇಔಟ್‌ನಲ್ಲಿ ಕೂರಿಸಿ. 2019ರಲ್ಲಿ ಡಾಟ್ ನೆಟ್ ಕೋರ್ 3.0ಕ್ಕೆ ಬಂದಾಗ ವಿಂಡೋಸ್ ಫಾರ್ಮ್ಸ್‌ನ ಸಹಜ ಫಾಂಟೇ ಬದಲಾಗಿ, ಹಳೆಯ ಫಾರ್ಮುಗಳ ಅಳತೆ ಏರುಪೇರಾಯಿತು. ಫಾಂಟನ್ನು ಒಂದೇ ಕಡೆ ಹೇಳಿದ್ದವರಿಗೆ ಅದು ಒಂದು ಸಾಲಿನ ಕೆಲಸ. ಕಣ್ಣು ಕಾಣದವರು ಎನ್‌ವಿಡಿಎ ತರಹದ ಸ್ಕ್ರೀನ್ ರೀಡರ್ ಹಿಡಿದು ನಿಮ್ಮ ಡೈಲಾಗಿಗೆ ಬರುತ್ತಾರೆ ಎನ್ನುವುದೂ ಮನಸ್ಸಿನಲ್ಲಿರಲಿ. ಟ್ಯಾಬ್ ಕ್ರಮ ತಪ್ಪಿದ್ದರೆ, ಖಾನೆಗೆ ಹೆಸರಿಲ್ಲದಿದ್ದರೆ, ಅವರಿಗೆ ಆ ಡೈಲಾಗ್ ಬಾಗಿಲು ಹಾಕಿದ ಕೋಣೆ. ಹೆಸರಿಲ್ಲದ ಖಾನೆ ಇದ್ದರೆ ಡೆವಲಪರ್‌ಗೆ ಆಗಲೇ ಎಚ್ಚರಿಕೆ ಕೊಡುವ ನಾಲ್ಕು ಸಾಲು ಬೇಸ್ ಕ್ಲಾಸಿನಲ್ಲಿರಲಿ.

ಕೊನೆಗೆ, ಕೊಟ್ಟ ಮಾತು ನಿಂತಿದೆಯೇ ಎಂದು ಪರೀಕ್ಷಿಸುವುದು. ಬೇಸ್ ಕ್ಲಾಸಿನ ಜಾಗದಲ್ಲಿ ಯಾವ ಡೆರೈವ್ಡ್ ಕ್ಲಾಸ್ ಇಟ್ಟರೂ ನಂಬಿಕೆ ಕೆಡಬಾರದು ಎಂಬ ವಿಚಾರವನ್ನು ಬಾರ್ಬರಾ ಲಿಸ್ಕೋವ್ 1987ರಲ್ಲಿ ಮುಂದಿಟ್ಟರು. ನಮ್ಮ ಕೆಲಸದಲ್ಲಿ ಅದರ ಅರ್ಥ ಬಹಳ ಸರಳ. ಎರಡು ಪರೀಕ್ಷೆ ಬರೆಯಿರಿ. ಮೊದಲನೆಯದು ಬೇಸ್ ಕ್ಲಾಸಿನಿಂದ ಬಂದ ಎಲ್ಲ ಡೈಲಾಗ್‌ಗಳನ್ನೂ ತಾನೇ ಹುಡುಕಿ, ಒಂದೊಂದನ್ನೂ ತೆರೆದು, ಖಾನೆಗಳಲ್ಲಿ ಏನಾದರೂ ತುಂಬಿ, ಕ್ಯಾನ್ಸಲ್ ಮಾಡಿ, ಮೂಲ ಆಬ್ಜೆಕ್ಟ್ ಬದಲಾಗಿಲ್ಲವೆಂದು ನೋಡಲಿ. ಇನ್ನೊಂದರಲ್ಲಿ ಉಳಿಸುವ ಫಂಕ್ಷನ್ ಬೇಕೆಂತಲೇ ಸೋಲಲಿ. ಡೈಲಾಗ್ ತುಂಬಿದ್ದನ್ನು ಹಿಡಿದುಕೊಂಡು ತೆರೆದೇ ಇದೆಯೇ ಎಂದು ನೋಡಲಿ. ನಾಳೆ ಹೊಸಬರು ಬಂದು ನಲವತ್ತೊಂದನೆಯ ಡೈಲಾಗ್ ಬರೆದರೆ ಅದೂ ಈ ಪರೀಕ್ಷೆಗಳಿಗೆ ತಾನಾಗಿ ಒಳಪಡುತ್ತದೆ.

‘ಎಲ್ಲರೂ ವೆಬ್ಬಿಗೆ ಹೋಗುತ್ತಿರುವಾಗ ಡೆಸ್ಕ್‌ಟಾಪ್ ಡೈಲಾಗಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಬೇಕು. ನೀವು ಇವತ್ತು ಬರೆದ ಡೈಲಾಗಿನ ಮುಂದೆ ನಾಳೆ ಬೆಳಿಗ್ಗೆಯೇ ಒಬ್ಬರು ಕೂರುತ್ತಾರೆ, ಸಂಜೆಯವರೆಗೂ ಅದರಲ್ಲೇ ದುಡಿಯುತ್ತಾರೆ. ವೆಬ್ಬಿಗೆ ಹೋದರೂ ಓಕೆ, ಕ್ಯಾನ್ಸಲ್ ಜೊತೆಗೇ ಬರುತ್ತವೆ, ಮಾತೂ ಅದೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಈ ವಾರ ತಂಡದವರೆಲ್ಲ ಒಂದು ಗಂಟೆ ಒಟ್ಟಿಗೆ ಕೂರಿ. ನಿಮ್ಮ ತಂತ್ರಾಂಶದ ಒಂದೊಂದೇ ಡೈಲಾಗ್ ತೆರೆಯಿರಿ. ಎಸ್ಕೇಪ್, ಕ್ಯಾನ್ಸಲ್, ಇಂಟು ಮೂರೂ ಒಂದೇ ಫಲ ಕೊಡುತ್ತವೆಯೇ ನೋಡಿ. ನೆಟ್‌ವರ್ಕ್ ಕೇಬಲ್ ತೆಗೆದು ಓಕೆ ಒತ್ತಿ ನೋಡಿ. ತಪ್ಪು ತುಂಬಿದ ಖಾನೆಯಿಂದ ಹೊರಬರಲು ಆಗುತ್ತದೆಯೇ ನೋಡಿ. ಎಡವಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ನಿಮ್ಮ ಬೇಸ್ ಕ್ಲಾಸಿಗೆ ಬೇಕಾದ ವಿನ್ಯಾಸ ಆ ಪಟ್ಟಿಯಲ್ಲೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಅದರೊಳಗೆ ಸೇರಿಸಬೇಡಿ.

ಇತಿ,
ನಿಮ್ಮಂತೆಯೇ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಸಹೋದ್ಯೋಗಿ